ಮಟನ್ ಅಂಗಡಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಒಂದ ಸಾಲೂದಿಲ್ರಿ

ನಮಸ್ಕಾರ್ರಿ. ಹಾವೇರಿಯೊಳಗ ಮಟನ್ ಅಂಗಡಿ ಇಡಾವ್ರಿದ್ದೀರಿ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇದ್ರ ಅಂಗಡಿ ಹಿಂದಿನ ಶೆಡ್ಡಿನ್ಯಾಗ ಕುರಿ ಕೊಯ್ಯಬಹುದೇನು ಅಂತ ಕೇಳೀರಿ. ಬರೂದಿಲ್ರಿ. ಮಾರೂದು ಬೇರೆ, ಕೊಯ್ಯೂದು ಬೇರೆ. ದಿನಕ್ಕ 10 ಕುರಿ-ಆಡು ಕೊಯ್ಯೂ ತನಕ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬ್ಯಾಡ, ನೋಂದಣಿ ಸಾಕು ಅನ್ನೂದು ಖರೆ, ಆದ್ರ ಅದರಿಂದ ಶೆಡ್ಡು ಕಸಾಯಿಖಾನಿ ಆಗೂದಿಲ್ಲ.

ಪ್ರಾಣಿಗಳ ಮ್ಯಾಲಿನ ಕ್ರೌರ್ಯ ತಡೆಯೂ ಕೇಂದ್ರದ 2001ರ ಕಸಾಯಿಖಾನಿ ನಿಯಮದ ಪ್ರಕಾರ ನಗರಸಭೆ ಹದ್ದಿನೊಳಗ ಮಾನ್ಯತೆ ಅಥವಾ ಲೈಸೆನ್ಸ್ ಇರೋ ಕಸಾಯಿಖಾನಿಯೊಳಗ ಮಾತ್ರ ಕೊಯ್ಯಬೇಕು. ಅದಕ್ಕೂ ಮೊದಲ ದನದ ಡಾಕ್ಟರ್ ನೋಡಿ ಸರ್ಟಿಫಿಕೇಟ್ ಕೊಡಬೇಕು. ಗಬ್ಬದ ಕುರಿ, 3 ತಿಂಗಳೊಳಗಿನ ಮರಿ, ಅಂಥಾ ಮರಿ ಇರೋ ತಾಯಿ, ಇವನ್ನ ಮುಟ್ಟೂಹಂಗಿಲ್ಲ. ಒಬ್ಬ ಡಾಕ್ಟರ್ ತಾಸಿಗೆ 12, ದಿನಕ್ಕ 96ಕ್ಕಿಂತ ಹೆಚ್ಚು ನೋಡೂಹಂಗಿಲ್ಲ. ನನಗ ಈ ಮಾತು ಭಾಳ ಮುಖ್ಯ ಅನಿಸ್ತದ: ಐತವಾರದ ಗದ್ದಲದಾಗ ಗಡಿಬಿಡಿ ಮಾಡಿದ್ರ ಜ್ವರ ಬಂದ ಕುರಿನೂ ಹಂಗ ದಾಟಿ ಹೋಗ್ತದ. ಕೊಯ್ದ ಮ್ಯಾಲೂ ಲಿವರಿನ್ಯಾಗ ಹುಳ ಅದಾವೇನು, ಶ್ವಾಸಕೋಶದಾಗ ಗಂಟು ಅದಾವೇನು ನೋಡಬೇಕು. ತಿನ್ನಾವ್ರು ನಮ್ಮ ಮಂದಿನ ಅಲ್ಲೇನ್ರಿ.

ಮೊದಲ ನಗರಸಭೆ ಆರೋಗ್ಯ ವಿಭಾಗಕ್ಕ ಹೋಗಿ ವ್ಯಾಪಾರ ಪರವಾನಗಿ ಮತ್ತ ಎಲ್ಲಿ ಕೊಯ್ಸಬೇಕು ಅನ್ನೂದನ್ನ ಕೇಳ್ರಿ. ಅಂಗಡಿ ಅಡ್ವಾನ್ಸ್ ಆಮ್ಯಾಲೆ ಕೊಡ್ರಿ.