ಗಣಿತಕ್ಕೆ ಹೆದರುವ ಬಿ.ಕಾಂ. ಮಕ್ಕಳಿಗೆ ಬಿಸಿನೆಸ್ ಅನಲಿಟಿಕ್ಸ್: ಯಾವ ಚಿತ್ರ ಬರೆದು ಕಲಿಸಲಿ?

ಕ್ಲಾಸಿನಲ್ಲಿ ಅರ್ಧ ಮಕ್ಕಳು ಪಿಯುಸಿಯಲ್ಲೇ ಗಣಿತ ಬಿಟ್ಟವರು, ರಿಗ್ರೆಷನ್ (ಅಂಕಿಗಳ ನಡುವಿನ ಸಂಬಂಧಕ್ಕೆ ಹೊಂದುವ ಗೆರೆ ಕಂಡುಹಿಡಿಯುವ ಲೆಕ್ಕ) ಅಂದ ಕೂಡಲೇ ಪೆನ್ನು ಕೆಳಗಿಡ್ತಾರೆ, ಚಿತ್ರದಲ್ಲಿ ಕಲಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಾನೂ ಇದೇ ಪಾಠ ಮಾಡುವವನು. ಹತ್ತಾರು ಚಿತ್ರ ಬೇಡ. ಒಂದು ಸೆಮಿಸ್ಟರಿಗೆ ಮುಖ್ಯವಾಗಿ ಎರಡು ಸಾಕು.

ಮೊದಲನೆಯದು ಮರ. ಬೋರ್ಡಿನ ಎಡಗಡೆ ‘ದಿನದ ವ್ಯಾಪಾರ’ ಅಂತ ಬರೆದು ಎರಡು ಕೊಂಬೆ ಎಳೆಯಿರಿ: ಎಷ್ಟು ಬಿಲ್, ಒಂದು ಬಿಲ್ಲಿಗೆ ಸರಾಸರಿ ಎಷ್ಟು. ಒಂದು ದರ್ಶಿನಿ ಅಂದುಕೊಳ್ಳಿ. 400 ಬಿಲ್, ತಲಾ 75 ರೂಪಾಯಿ, ಒಟ್ಟು 30,000. ಮುಂದಿನ ತಿಂಗಳು ಅದು 27,000ಕ್ಕೆ ಇಳಿಯಿತು. ಯಾಕೆ ಅಂದರೆ ಮಕ್ಕಳು ತಕ್ಷಣ ‘ಕಾಂಪಿಟಿಷನ್ ಸರ್’ ಅಂತಾರೆ. ತಡೆದು, ಯಾವ ಕೊಂಬೆ ಅಂತ ಕೇಳಿ. ಬಿಲ್ 360ಕ್ಕೆ ಇಳಿದರೂ 27,000, ಸರಾಸರಿ 67.50ಕ್ಕೆ ಇಳಿದರೂ 27,000. ಅಲ್ಲಿ ಗಿರಾಕಿಯೇ ಬರುತ್ತಿಲ್ಲ. ಇಲ್ಲಿ ಬಂದವರು ದೋಸೆ ತಿಂದು ಕಾಫಿ ಕುಡಿಯದೆ ಹೋಗ್ತಿದ್ದಾರೆ. ಬಿಲ್ಲಿನ ಕೊಂಬೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಒಡೆದರೆ ಪಿವಟ್ ಟೇಬಲ್, ಅಂದರೆ ಅಂಕಿಗಳನ್ನು ಗುಂಪು ಮಾಡಿ ಲೆಕ್ಕ ತೋರಿಸುವ ಎಕ್ಸೆಲ್ ಪಟ್ಟಿ, ಬಂದೇ ಬಿಟ್ಟಿತು. ಎಕ್ಸೆಲ್ ತೆರೆಯುವುದು ಅದಾದ ಮೇಲೆ. ಇದೇನು ಮಕ್ಕಳಾಟ ಅಂತ ಯಾರಾದರೂ ಮೂಗು ಮುರಿದರೆ, 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಡೊನಾಲ್ಡ್‌ಸನ್ ಬ್ರೌನ್ ಬಂಡವಾಳದ ಮೇಲಿನ ಗಳಿಕೆಯನ್ನು ಹೀಗೇ ಒಡೆದಿದ್ದ ಅಂತ ಹೇಳಿ.

ಎರಡನೆಯದು ನಾಲ್ಕು ಮನೆಯ ಚೌಕ, ಅಂದರೆ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್. ಮಾಡೆಲ್ (ಮುಂದೇನಾಗುತ್ತೆ ಅಂತ ಊಹಿಸುವ ಲೆಕ್ಕ) ಹೇಳಿದ್ದು ಒಂದು ಕಡೆ, ನಿಜಕ್ಕೂ ಆದದ್ದು ಇನ್ನೊಂದು ಕಡೆ; ಎರಡು ಮನೆ ಸರಿ ಊಹೆಗೆ, ಎರಡು ತಪ್ಪಿಗೆ. ಪತ್ತಿನ ಸೊಸೈಟಿಯೊಂದಕ್ಕೆ 1,000 ಸಾಲದ ಅರ್ಜಿ, ಅದರಲ್ಲಿ 50 ಜನ ಸುಸ್ತಿದಾರರಾಗುವವರು ಅನ್ನಿ. ‘ಎಲ್ಲರೂ ಕಟ್ತಾರೆ’ ಎನ್ನುವ ಮಾಡೆಲ್ ಶೇ. 95ರಷ್ಟು ಸರಿ! ಚೌಕ ಬರೆದು ತುಂಬಿಸಿ ನೋಡಿದರೆ ಹಿಡಿದುಕೊಟ್ಟ ಸುಸ್ತಿದಾರರ ಮನೆಯಲ್ಲಿ ಸೊನ್ನೆ. ಇಷ್ಟಕ್ಕೇ ನಿಲ್ಲಿಸಬೇಡಿ, ತಪ್ಪಿನ ಎರಡು ಮನೆಗಳಲ್ಲಿ ರೂಪಾಯಿ ಬರೆಸಿ. ಸುಸ್ತಿಯಾದರೆ ನಷ್ಟ 60,000, ಒಳ್ಳೆಯವನನ್ನು ವಾಪಸ್ ಕಳಿಸಿದರೆ ಕೈತಪ್ಪುವ ಬಡ್ಡಿ 6,000 ಅಂತಿಟ್ಟುಕೊಳ್ಳಿ. ಒಬ್ಬ ಸುಸ್ತಿದಾರನನ್ನು ಹಿಡಿಯಲು ಹತ್ತು ಒಳ್ಳೆಯವರನ್ನು ಬಿಟ್ಟರೆ ಲೆಕ್ಕ ಸರಿಸಮ. ಹನ್ನೊಂದನೆಯವನಿಂದ ಸೊಸೈಟಿಗೆ ಲುಕ್ಸಾನು. ಗಣಿತ ಬಿಟ್ಟವರೂ ಇಲ್ಲಿ ಜಗಳಕ್ಕೆ ನಿಲ್ತಾರೆ, ‘ಬಡ್ಡಿ ಹೋದರೆ ಹೋಗಲಿ, ಆ ಸದಸ್ಯ ಮತ್ತೆ ಬರ್ತಾನಾ ಸರ್?’ ಅಂತ. ಒಳ್ಳೆ ಪ್ರಶ್ನೆ, 6,000 ಅನ್ನು ತಿದ್ದಿಸಿ ಲೆಕ್ಕ ಮತ್ತೆ ಮಾಡಿಸಿ.

ಮಾರುಕಟ್ಟೆಯ ಬೆಳವಣಿಗೆ, ಅದರಲ್ಲಿ ಕಂಪನಿಯ ಪಾಲು ನೋಡಿ ಪ್ರಾಡಕ್ಟ್‌ಗಳನ್ನು ನಾಲ್ಕು ಮನೆಗೆ ಹಂಚುವ ಬಿಸಿಜಿ ಮ್ಯಾಟ್ರಿಕ್ಸ್ ನನಗೆ ಅಷ್ಟಕ್ಕಷ್ಟೆ. ಮಕ್ಕಳು ಹಸು, ನಾಯಿ, ನಕ್ಷತ್ರ ಅಂತ ಮನೆಗಳ ಹೆಸರು ಬಾಯಿಪಾಠ ಮಾಡ್ತಾರೆ, ನಡುವಿನ ಗೆರೆಯನ್ನು ಅಲ್ಲೇ ಯಾಕೆ ಎಳೆದದ್ದು ಅಂತ ಕೇಳೋದಿಲ್ಲ. ಸಿಲೆಬಸ್‌ನಲ್ಲಿದ್ದರೆ ಕಲಿಸಿ, ಗೆರೆಯನ್ನು ಸ್ವಲ್ಪ ಸರಿಸಿ, ಯಾವ ಪ್ರಾಡಕ್ಟ್ ಮನೆ ಬದಲಿಸಿತು ಅಂತ ನೋಡಿಸಿ.

ಮೊದಲ ಲ್ಯಾಬ್ ಕ್ಲಾಸಿಗೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕಂಬ್ 1973ರಲ್ಲಿ ಕೊಟ್ಟ ನಾಲ್ಕು ಡೇಟಾಸೆಟ್ ಇಟ್ಟುಕೊಳ್ಳಿ. ತಲಾ 11 ಜೋಡಿ ಅಂಕಿ, ಮಕ್ಕಳೇ ಟೈಪ್ ಮಾಡಬಹುದು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ ಸುಮಾರು 7.5, ಕೋರಿಲೇಷನ್ (ಎರಡೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ) ಸುಮಾರು 0.82. ಇಷ್ಟು ಬಂದ ಮೇಲಷ್ಟೇ ಪ್ರತಿ ಜೋಡಿಗೆ ಒಂದು ಚುಕ್ಕಿ ಇಡುವ ಸ್ಕ್ಯಾಟರ್ ಚಾರ್ಟ್ ಹಾಕಿಸಿ. ಒಂದು ಬಾಗಿರುತ್ತೆ, ಇನ್ನೊಂದರಲ್ಲಿ ಒಂದೇ ಚುಕ್ಕಿ ಇಡೀ ರಿಗ್ರೆಷನ್ ಗೆರೆಯನ್ನು ತನ್ನ ಕಡೆ ಎಳೆದುಕೊಂಡಿರುತ್ತೆ. ಆ ಚುಕ್ಕಿ ಅಳಿಸಿದರೆ ಏನಾಗುತ್ತೆ ಅಂತ ಅವರೇ ಅಳಿಸಿ ನೋಡಲಿ, ನೀವು ಮೊದಲೇ ಹೇಳಬೇಡಿ.