ಸಂಧ್ಯಾ ಸುರಕ್ಷಾಗೆ ಹಾಲಿನ ಬಿಲ್ ಖಾತೆ ಕೊಡೋಕೆ ಮುಂಚೆ ಇದೊಂದ್ ಓದಿ

ಸಾರ್, ಸಂಧ್ಯಾ ಸುರಕ್ಷಾಗೆ (65 ತುಂಬಿದ ಬಡವರಿಗೆ ರಾಜ್ಯ ಸರ್ಕಾರ ಕೊಡೋ ಪಿಂಚಣಿ) ಅರ್ಜಿ ಹಾಕ್ಬೇಕು, ಅಮ್ಮನಿಗೆ 66 ಆಯ್ತು, ಮಗಳ ಸ್ಕಾಲರ್‌ಶಿಪ್‌ಗೆ ತೆಗ್ಸಿದ ಇನ್‌ಕಮ್ ಸರ್ಟಿಫಿಕೇಟೇ ಹಾಕ್ತೀನಿ, ಡೈರಿ ಹಾಲಿನ ಬಿಲ್ ಬರೋ ಖಾತೆನೇ ಕೊಡ್ತೀನಿ, ಅದಕ್ಕೆ ಆಧಾರ್ ಲಿಂಕ್ ಆಗೇ ಇದೆ ಅಂತ ಬರ್ದಿದೀರಲ್ಲ, ದಯವಿಟ್ಟು ಒಂದ್ ವಾರ ತಡೀರಿ. ನಾನು ಇದೇ ಎರಡೂ ಮಾಡಿ ನಮ್ಮವ್ವನ್ನ ಎಂಟು ತಿಂಗಳು ಅಲೆದಾಡ್ಸಿದೀನಿ.

ಮೊದ್ಲು ಸರ್ಟಿಫಿಕೇಟ್ ವಿಷ್ಯ. ಸ್ಕಾಲರ್‌ಶಿಪ್‌ದು ಮಗು ಹೆಸ್ರಲ್ಲಿರುತ್ತೆ, ಅದ್ರಲ್ಲಿರೋ ಆದಾಯ ನಿಮ್ಮದು. ನಾಡಕಚೇರಿಲಿ ಸರ್ಟಿಫಿಕೇಟ್ ಮೇಲಿರೋ ಆರ್‌ಡಿ ನಂಬರ್ ಹೊಡೆದ ತಕ್ಷಣ ಗೊತ್ತಾಗುತ್ತೆ. ಅಮ್ಮನ ಹೆಸ್ರಲ್ಲೇ ಹೊಸದು ತೆಗ್ಸಿ, ವರ್ಷಕ್ಕೆ 32,000 ದಾಟಿರಬಾರ್ದು. ನಂದು ಇದೇ ಕಾರಣಕ್ಕೆ ಒಂದ್ಸಲ ವಾಪಸ್ ಬಂತು, ಅದು ಬಿಡಿ, ಹದಿನೈದು ದಿನದಲ್ಲಿ ಸರಿ ಆಯ್ತು.

ದೊಡ್ಡ ಪೆಟ್ಟು ಕೊಟ್ಟಿದ್ದು ಖಾತೆ. ಮಂಜೂರಾತಿ ಆದೇಶ ಕೈಗೆ ಬಂತು, ತಿಂಗಳಿಗೆ 1200 ಅಂತ ಇತ್ತು, ಅವ್ವ ಅದನ್ನ ಮಡಚಿ ಸೀರೆ ಟ್ರಂಕಲ್ಲಿ ಇಟ್ಕೊಂಡ್ಳು. ಒಂದ್ ತಿಂಗಳಾಯ್ತು, ಎರಡಾಯ್ತು, ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರೆ ಬರೀ ಹಾಲಿನ ಬಿಲ್ಲು. ನಾಡಕಚೇರಿಗೆ ಹೋದ್ರೆ ಖಜಾನೆಯಿಂದ ಹೋಗಿದೆ ಅಂತಾರೆ, ಬ್ಯಾಂಕಿಗೆ ಹೋದ್ರೆ ಬಂದಿಲ್ಲ ಅಂತಾರೆ, ಆಧಾರ್ ಲಿಂಕ್ ಇದ್ಯಾ ಅಂದ್ರೆ ಇದೆ ಅಂತಾರೆ. ಇಬ್ರೂ ಹೇಳಿದ್ದು ನಿಜಾನೇ, ಆಮೇಲೆ ಗೊತ್ತಾಗಿದ್ದು.

ಲಿಂಕ್ ಬೇರೆ ಸೀಡಿಂಗ್ ಬೇರೆ ಸಾರ್. ಲಿಂಕ್ ಎಷ್ಟು ಖಾತೆಗೆ ಬೇಕಾದ್ರೂ ಇರುತ್ತೆ, ಅದು ಕೆವೈಸಿಗೆ, ಅಂದ್ರೆ ಗುರುತು ಖಚಿತ ಮಾಡ್ಕೊಳೋಕೆ ಅಷ್ಟೆ. ಆದ್ರೆ ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ಗೆ ಯಾವ ಬ್ಯಾಂಕು ಅಂತ ಇಟ್ಟಿರೋ ಪಟ್ಟಿ) ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಆ ಪಟ್ಟಿಗೆ ಸೇರ್ಸೋದೇ ಸೀಡಿಂಗ್, ಕೊನೆಗೆ ಯಾರು ಸೀಡ್ ಮಾಡಿದ್ರೋ ಸರ್ಕಾರದ ಡಿಬಿಟಿ ದುಡ್ಡು (ನೇರ ಖಾತೆಗೆ ಹಾಕೋ ದುಡ್ಡು) ಅಲ್ಲಿಗೇ ಹೋಗೋದು, ಅರ್ಜಿಲಿ ನೀವು ಯಾವ ಖಾತೆ ನಂಬರ್ ಬರ್ದಿದ್ರೂ ಅಷ್ಟೆ. ಹಾಲಿನ ಬಿಲ್ಲು ಸಂಘದಿಂದ ಖಾತೆ ನಂಬರಿಗೇ ಬೀಳುತ್ತೆ, ಅದಕ್ಕೆ ಸೀಡಿಂಗ್ ಬೇಕಿಲ್ಲ, ಅದಕ್ಕೇ ಬಿಲ್ ಬರ್ತಿದೆ ಅಂದ್ರೆ ಎಲ್ಲಾ ಸರಿ ಇದೆ ಅಂತ ನಾವು ಅನ್ಕೊಂಡ್ಬಿಡೋದು.

ನನಗೆ ಸುಳಿವು ಸಿಕ್ಕಿದ್ದು ಹಾಲಿಗೆ ಸರ್ಕಾರ ಕೊಡೋ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದಿಂದ. ಅದೂ ಆಧಾರ್ ಮೇಲೇ ಬರೋದು ತಾನೇ. ಅದು ಹೆಂಗೂ ತಿಂಗಳುಗಟ್ಲೆ ತಡ ಆಗುತ್ತೆ ಅಂತ ನಾನು ತಲೆ ಕೆಡಿಸ್ಕೊಂಡಿರ್ಲಿಲ್ಲ. ಒಂದಿನ ಡೈರಿ ಕ್ಯೂನಲ್ಲಿ ಪಕ್ಕದ್ಮನೆಯವರು ನಮ್ದು ಬಂತಲ್ಲ ಅಂದಾಗ ಸಿಟ್ಟು ಬಂದು ಸಂಘದ ಕಾರ್ಯದರ್ಶಿ ಮೇಲೆ ಎಲ್ಲರ ಮುಂದೆ ಕೂಗಾಡ್ಬಿಟ್ಟೆ. ತಪ್ಪು ಅವರದಲ್ಲವೇ ಅಲ್ಲ. ಅವರೇ ಪಾಪ ಡಿಬಿಟಿ ಕರ್ನಾಟಕ ಆಪ್ ಹಾಕ್ಕೊಂಡು ನೋಡು ಅಂದ್ರು. ಆಪ್ ತೆಗೆದ್ರೆ ಒಟಿಪಿ ಹೋಗ್ತಿರೋದು ಅವ್ವನ ಹಳೇ ನಂಬರಿಗೆ, ಆ ಸಿಮ್ ಕಳೆದು ಎರಡು ವರ್ಷ ಆಗಿತ್ತು. ಆಧಾರ್ ಸೆಂಟರ್‌ಗೆ ಹೋಗಿ ನಂಬರ್ ಬದಲಾಯ್ಸಿ, ಅದು ಅಪ್‌ಡೇಟ್ ಆಗೋವರೆಗೂ ಕಾದು ಆಮೇಲೆ ತೆಗೆದು ನೋಡಿದ್ರೆ, ಪಿಂಚಣಿ, ಪ್ರೋತ್ಸಾಹಧನ, ಎಲ್ಲಾ ತಾರೀಖು ಸಮೇತ ಇದೆ, ಬ್ಯಾಂಕ್ ಹೆಸರು ಮಾತ್ರ ನಾವು ಕೇಳೇ ಇಲ್ಲದ ಒಂದು ಪೇಮೆಂಟ್ಸ್ ಬ್ಯಾಂಕು.

ಅವ್ವನ್ನ ಕೂರಿಸ್ಕೊಂಡು ಕೇಳ್ದೆ, ಎಲ್ಲಾದ್ರೂ ಹೆಬ್ಬೆಟ್ಟು ಇಟ್ಟಿದ್ಯಾ ಅಂತ. ಸಂತೆಲಿ ಹೊಸ ಸಿಮ್ ತಗೊಂಡಾಗ ಆ ಹುಡುಗ ಸರಿಯಾಗಿ ಬಂದಿಲ್ಲ ಇನ್ನೊಂದ್ಸಲ ಇಡಿ ಅಜ್ಜಿ ಅಂತ ಎರಡು ಸಲ ಇಡ್ಸಿದ್ದ ಅಂದ್ಳು. ಆ ಎರಡನೇ ಹೆಬ್ಬೆಟ್ಟೇ ಖಾತೆ ತೆರೆದಿದ್ದು. ಪುಣ್ಯಕ್ಕೆ ದುಡ್ಡು ಯಾರೂ ಮುಟ್ಟಿರ್ಲಿಲ್ಲ, ಅಲ್ಲೇ ಕೂತಿತ್ತು, ತೆಗ್ಸಿದ್ವಿ. ಅದಕ್ಕೆ ಎಲ್ಲರಿಗೂ ಹೇಳ್ತೀನಿ, ವಯಸ್ಸಾದವರನ್ನ ಸಿಮ್ ತಗೊಳೋಕೆ, ಸಾಲದ ಸಂಘದವರ ಹತ್ರ, ಎಲ್ಲಿಗೂ ಒಬ್ರನ್ನೇ ಕಳಿಸ್ಬೇಡಿ, ಎರಡನೇ ಸಲ ಇಡಿ ಅಂದ್ರೆ ಸ್ಕ್ರೀನಲ್ಲಿ ಏನಿದೆ ತೋರ್ಸು ಅಂತ ಕೇಳಿ.

ನೀವು ಆಪ್ ಹಾಕ್ಕೊಂಡು ಸೀಡಿಂಗ್ ಸ್ಟೇಟಸ್ ನೋಡಿ. ಕೀಪ್ಯಾಡ್ ಫೋನಾದ್ರೆ *99*99*1# ಹೊಡೆದು ಆಧಾರ್ ನಂಬರ್ ಹಾಕಿದ್ರೆ ಬರುತ್ತೆ, ಕೆಲವು ಸಲ ಕೈಕೊಡುತ್ತೆ, ಎರಡ್ಮೂರು ಸಲ ನೋಡಿ. ಬೇರೆ ಬ್ಯಾಂಕ್ ತೋರಿಸಿದ್ರೆ ಅಥವಾ ಇನ್‌ಆಕ್ಟಿವ್ ಅಂದ್ರೆ ನಿಮ್ಮ ಬ್ರಾಂಚಿಗೆ ಹೋಗಿ ಆಧಾರ್ ಲಿಂಕ್ ಮಾಡಿ ಅಂತ ಕೇಳ್ಬೇಡಿ, ಇದೆ ಅಂತ ಕಳಿಸ್ಬಿಡ್ತಾರೆ. ಎನ್‌ಪಿಸಿಐ ಸೀಡಿಂಗ್ ಕನ್ಸೆಂಟ್ ಫಾರಂ ಕೊಡಿ, ಡಿಬಿಟಿಗೆ ಅಂತ ಹೇಳಿ ಕೇಳಿ, ಸಹಿ ಹಾಕಿದ ಮೇಲೆ ಒಂದು ಫೋಟೋ ಹೊಡ್ಕೊಳಿ. ನಮ್ದು ನಾಲ್ಕು ದಿನಕ್ಕೆ ಬದಲಾಯ್ತು.

ಇನ್ನೊಂದು, ನನ್ನ ಕೇಳಿದ್ರೆ ಅಜ್ಜ ಅಜ್ಜಿಯರಿಗೆ ಪೋಸ್ಟ್ ಆಫೀಸಿನ ಐಪಿಪಿಬಿ (ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್) ಖಾತೆನೇ ಬೆಸ್ಟ್. ದೊಡ್ಡ ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ನಿಲ್ಲೋ ಕಷ್ಟ ಇಲ್ಲ. ನಮ್ಮ ಪೋಸ್ಟ್‌ಮ್ಯಾನ್ ಎಕ್ಸೆಲ್ ಗಾಡಿಲಿ ಬಂದು ಜಗಲಿ ಮೇಲೇ ಮಿಷನ್ ಇಟ್ಟು ದುಡ್ಡು ಕೊಟ್ಟು ಹೋಗ್ತಾರೆ. ಹುಲ್ಲು ಕೊಯ್ದು ಹಾಲು ಕರೆದು ಅವ್ವನ ಹೆಬ್ಬೆಟ್ಟಿನ ಗೆರೆ ಎಲ್ಲಾ ಸವೆದು ಹೋಗಿದೆ, ಮೂರು ಸಲ ಕೆಂಪು ಬಂತು. ಸೋಪಲ್ಲಿ ತೊಳೆದು ಸೆರಗಲ್ಲಿ ಒರೆಸಿ, ಎಣ್ಣೆ ಹಚ್ಚಿದ ತಲೆಕೂದಲ ಮೇಲೆ ಬೆರಳು ಒಂದ್ಸಲ ಸವರಿ ಇಟ್ಟಾಗ ಉಂಗುರದ ಬೆರಳು ತಗೊಳ್ತು. ಅವತ್ತಿಂದ ಅದೇ ಬೆರಳು. ಯಾವ ಬೆರಳು ಬರುತ್ತೆ ಅಂತ ಪಾಸ್‌ಬುಕ್ ಹಿಂದೆ ಬರ್ದಿಡಿ. ಖಾತೆ ನಿಮ್ಮ ಜೊತೆ ಜಾಯಿಂಟ್ ಬೇಡ, ಅವರೊಬ್ಬರದೇ ಇರ್ಲಿ. ಎರಡು ವರ್ಷ ವ್ಯವಹಾರ ಇಲ್ಲದಿದ್ರೆ ಖಾತೆ ನಿಷ್ಕ್ರಿಯ ಆಗುತ್ತೆ, ಅಂಥದ್ದನ್ನೂ ಕೊಡ್ಬೇಡಿ.

ಹಾಲು ಅಮ್ಮನ ಹೆಸ್ರಲ್ಲೇ ಹಾಕ್ತಿದ್ರೆ ಅದನ್ನ ಮುಚ್ಚಿಡ್ಬೇಡಿ, ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ) ಕೇಳೇ ಕೇಳ್ತಾರೆ. ನಮ್ಮವ್ವಂದು ಒಂದೇ ಹಸು, ಬತ್ತೋ ತಿಂಗಳೂ ಇದೆ, ಬೂಸಾ ಹಿಂಡಿ ಖರ್ಚು ಇಷ್ಟು ಅಂತ ಲೆಕ್ಕ ತೋರ್ಸಿದ್ವಿ, ಒಪ್ಕೊಂಡ್ರು. ಇಲ್ಲಿ ಯಾರೋ ನಾಲ್ಕು ಎಚ್‌ಎಫ್ ಹಸು ಕಟ್ಕೊಂಡು ಅಪ್ಪನ ಹೆಸ್ರಲ್ಲಿ ಪಿಂಚಣಿ ಹಾಕ್ಸಿ ಅಂತ ಐಡಿಯಾ ಕೊಟ್ಟಿದಾರೆ, ಹಂಗೆಲ್ಲ ಮಾಡ್ಬೇಡಿ ಸ್ವಾಮಿ, ಏನೂ ಇಲ್ಲದ ಮುದುಕರಿಗೆ ಇರೋ ದುಡ್ಡು ಅದು. ಬ್ರೋಕರ್‌ಗೆ ಸಾವಿರಗಟ್ಲೆ ಕೊಡೋದೂ ಬೇಡ, ನಾಡಕಚೇರಿ ಇಲ್ಲಾ ಗ್ರಾಮ ಒನ್‌ನಲ್ಲಿ ನೀವೇ ಹಾಕ್ಬೋದು.

ವಯಸ್ಸು ಇನ್ನೊಂದ್ಸಲ ಆಧಾರ್‌ನಲ್ಲಿ ನೋಡಿ. ಹಳೇ ಕಾರ್ಡಲ್ಲಿ ಅಂದಾಜಿಗೆ ಜನವರಿ 1 ಅಂತ ಹೊಡೆದಿರ್ತಾರೆ. ಸಂಧ್ಯಾ ಸುರಕ್ಷಾಗೆ 65 ತುಂಬಿರ್ಲೇಬೇಕು, 60 ಆಗಿ 65 ಆಗದವರು ಬಿಪಿಎಲ್ ಇದ್ರೆ ಇಂದಿರಾಗಾಂಧಿ ವೃದ್ಧಾಪ್ಯ ವೇತನಕ್ಕೆ ಹೋಗ್ಬೇಕು. ಹುಟ್ಟಿದ ತಾರೀಖು ತಿದ್ದೋಕೆ ಇರೋದು ಒಂದೇ ಅವಕಾಶ, ಗಡಿಬಿಡಿಲಿ ಅದನ್ನ ಕಳ್ಕೋಬೇಡಿ. ರೇಷನ್ ಕಾರ್ಡಲ್ಲಿ ಪುಟ್ಟಮ್ಮ, ಆಧಾರಲ್ಲಿ ಪುಟ್ಟತಾಯಮ್ಮ ಇದ್ರೂ ತೊಂದ್ರೆನೇ, ಮೊದ್ಲೇ ಒಂದು ಮಾಡಿ. ವಿಧವಾ ವೇತನ ಬರ್ತಿದ್ರೆ ಇದೂ ಸೇರ್ಸಿ ಎರಡು ಬರಲ್ಲ, ಯಾವ್ದಾದ್ರೂ ಒಂದೇ.

ಕೆಳಗೆ ಕಾಮೆಂಟಲ್ಲಿ ತಮ್ಮನಿಗೆ ಪೋಲಿಯೋ, ಪಿಂಚಣಿ ಸಿಗುತ್ತಾ ಅಂತ ಕೇಳಿದೀರಲ್ಲ ಮೇಡಂ, ಆಸ್ಪತ್ರೆಯವರು ಕೈಯಲ್ಲಿ ಬರೆದುಕೊಟ್ಟ ಹಳೇ ಸರ್ಟಿಫಿಕೇಟ್ ನಂಬ್ಕೊಂಡು ಕೂರ್ಬೇಡಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ (ಅಂಗವಿಕಲರ ಗುರುತಿನ ಕಾರ್ಡ್) ಹಾಕಿ. 40 ಪರ್ಸೆಂಟ್ ಇದ್ರೆ ರಾಜ್ಯದ ಅಂಗವಿಕಲ ವೇತನಕ್ಕೆ ಅರ್ಹರು, 75 ದಾಟಿದ್ರೆ ಮೊತ್ತ ಜಾಸ್ತಿ. ಕಾರ್ಡ್ ತಾತ್ಕಾಲಿಕದ್ದಾದ್ರೆ ಅವಧಿ ಯಾವಾಗ ಮುಗಿಯುತ್ತೆ ಅಂತ ಕ್ಯಾಲೆಂಡರಲ್ಲಿ ಬರ್ದಿಡಿ. ಅವ್ರದ್ದೂ ಸೀಡಿಂಗ್ ನೋಡೋದು ಮರೀಬೇಡಿ.

ಸಾರ್ ನೀವು ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಅಮ್ಮನ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಇದೆ ಅಂತ ಮೊದ್ಲು ನೋಡಿ, ಆಮೇಲೆ ಆಪ್, ಆಮೇಲೆ ಬ್ಯಾಂಕು, ಕೊನೆಗೆ ನಾಡಕಚೇರಿ. ಸ್ಟೇಟಸಲ್ಲಿ ಯಾವ ಬ್ಯಾಂಕ್ ತೋರಿಸ್ತು ಅಂತ ಇಲ್ಲೇ ಹಾಕಿ, ನಂಬರ್‌ಗಳನ್ನ ಮುಚ್ಚಿ.