ಹೆಸರಿಲ್ಲದ ಇಂಜೆಕ್ಷನ್ ಬಿಡಿಭಾಗಗಳು: 1971ರ ಸ್ಕ್ವೇರ್‌ಬ್ಯಾಕ್‌ನದ್ದು ಯಾವುದು ಅಂತ ಕಂಡುಹಿಡಿಯೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕ್ಯಾಲಿಫೋರ್ನಿಯಾದಲ್ಲಿ 1971ರ ಫೋಕ್ಸ್‌ವ್ಯಾಗನ್ ಸ್ಕ್ವೇರ್‌ಬ್ಯಾಕ್ ಕೊಂಡಿದ್ದೀರಿ. ಹಿಂದಿನ ಮಾಲೀಕರು ಒಂದು ರಟ್ಟಿನ ಪೆಟ್ಟಿಗೆ ತುಂಬ ಇಂಜೆಕ್ಷನ್ ಸಾಮಾನು (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಯ ಬಿಡಿಭಾಗಗಳು) ಕೊಟ್ಟಿದ್ದಾರೆ, ಯಾವುದರ ಮೇಲೂ ಚೀಟಿ ಇಲ್ಲ. ಯಾವುದು ಏನು, ಅದರಲ್ಲಿ ನಿಮ್ಮ ಗಾಡಿಗೆ ಆಗೋದು ಯಾವುದು?

ಎಲ್ಲಕ್ಕಿಂತ ಮೊದಲು ಒಂದು ಮಾತು. ಏನು ಅಂತ ಗೊತ್ತಾಗಲಿ ಎಂದು ಯಾವುದಕ್ಕೂ ನೇರವಾಗಿ 12 ವೋಲ್ಟ್ ಬ್ಯಾಟರಿ ಕೊಡಬೇಡಿ. ಈ ಕಾಲದ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಮೂತಿ) ಒಳಗಿನ ಕಾಯಿಲ್ ಬರೀ 2.4 ಓಮ್ ಆಸುಪಾಸು. ನೇರ ಕೊಟ್ಟರೆ 5 ಆಂಪಿಯರ್ ಹರಿಯುತ್ತೆ, ಹಿಡಿದುಕೊಂಡೇ ನಿಂತರೆ ಕಾಯಿಲ್ ಸುಟ್ಟುಹೋಗುತ್ತೆ. ಗಾಡಿಯಲ್ಲಿ ಅದಕ್ಕೆ ಒಂದು ಸಲಕ್ಕೆ ಕರೆಂಟ್ ಸಿಗೋದು ಕೆಲವೇ ಮಿಲಿಸೆಕೆಂಡು. ಟಿಕ್ ಅಂತ ಸದ್ದು ಕೇಳಲೇಬೇಕು ಅಂದರೆ ಎರಡು ಟಾರ್ಚ್ ಸೆಲ್ ಸಾಕು, ಮುಟ್ಟಿಸಿ ತೆಗೆದುಬಿಡಿ.

ನಿಮ್ಮ ಗಾಡಿಯಲ್ಲಿ ಇರೋದು ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಅನ್ನೋ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ. ಅಮೆರಿಕದ ಟೈಪ್ 3 (ನಿಮ್ಮ ಸ್ಕ್ವೇರ್‌ಬ್ಯಾಕ್ ಸೇರಿದ ಫೋಕ್ಸ್‌ವ್ಯಾಗನ್ ಸಾಲು) ಗಾಡಿಗಳಿಗೆ 1968ರ ಮಾದರಿಯಿಂದ ಬಂತು. ಎಂಜಿನ್ ಎಷ್ಟು ಗಾಳಿ ಎಳೀತಿದೆ ಅಂತ ಇದು ನೇರವಾಗಿ ಅಳೆಯಲ್ಲ. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒಳಗಿನ ಒತ್ತಡ ನೋಡಿ ಅಂದಾಜು ಕಟ್ಟುತ್ತೆ. ಹಾಗಾಗಿ ಪೆಟ್ಟಿಗೆಯಲ್ಲಿ ಒಳಗಡೆ ಸ್ಪ್ರಿಂಗ್ ಬಾಗಿಲು ಇರುವ ಚೌಕದ ಅಲ್ಯೂಮಿನಿಯಂ ಡಬ್ಬಿ ಸಿಕ್ಕರೆ ಅದು ಆಮೇಲೆ ಬಂದ ಎಲ್-ಜೆಟ್ರಾನಿಕ್‌ನ ಏರ್ ಫ್ಲೋ ಮೀಟರ್. ನಿಮ್ಮದಲ್ಲ, ಪಕ್ಕಕ್ಕಿಡಿ. ಇಂಜೆಕ್ಷನ್ ನಡೆಸುವ ಕಂಪ್ಯೂಟರ್ ಡಬ್ಬಿಯ ಪಿನ್ ಎಣಿಸಿ: 25 ಇದ್ದರೆ ಡಿ-ಜೆಟ್, 35 ಇದ್ದರೆ ಎಲ್-ಜೆಟ್.

ಇನ್ನು ನಂಬರ್ ವಿಷಯ. ಚೀಟಿ ಇಲ್ಲ ಅಂದ ಮಾತ್ರಕ್ಕೆ ನಂಬರ್ ಇಲ್ಲ ಅಂತಲ್ಲ. ಬಾಷ್ ನಂಬರನ್ನು ಲೋಹಕ್ಕೇ ಒತ್ತಿರುತ್ತೆ, ಎಣ್ಣೆ ಜಿಡ್ಡಿನ ಕೆಳಗೆ ಮುಚ್ಚಿಹೋಗಿರುತ್ತೆ ಅಷ್ಟೆ. ಸೀಮೆಎಣ್ಣೆಯಲ್ಲಿ ಒರೆಸಿ, ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮರಳು ಕಾಗದ ಮಾತ್ರ ಹಚ್ಚಬೇಡಿ. 0 280 ಅಂತ ಶುರುವಾದರೆ ಅದು ಪೆಟ್ರೋಲ್ ಇಂಜೆಕ್ಷನ್ ಸಾಮಾನು. ಮುಂದಿನ ಮೂರು ಅಂಕಿ ಜಾತಿ ಹೇಳುತ್ತೆ: 000 ಕಂಪ್ಯೂಟರ್, 100 ಒತ್ತಡದ ಸೆನ್ಸರ್, 120 ಥ್ರಾಟಲ್ ಸ್ವಿಚ್, 130 ತಾಪಮಾನದ್ದು, 150 ಇಂಜೆಕ್ಟರ್. ಎಫ್‌ಡಿ ಅಂತ ಶುರುವಾಗುವ ಇನ್ನೊಂದು ನಂಬರ್ ಕಂಡರೆ ಅದು ತಯಾರಾದ ದಿನಾಂಕದ ಗುರುತು; ಅದನ್ನು ಹುಡುಕಿ ಸಮಯ ಹಾಳು ಮಾಡ್ಕೋಬೇಡಿ. ಫೋಕ್ಸ್‌ವ್ಯಾಗನ್‌ನ ಸ್ವಂತ ನಂಬರೂ ಇರಬಹುದು: 311 906 ಅಂದರೆ ಟೈಪ್ 3, 022 906 ಅಂದರೆ ದೊಡ್ಡಣ್ಣ ಟೈಪ್ 4 ಎಂಜಿನ್ನಿನದು. (ಮೈಕೋ ಡೀಸೆಲ್ ಪಂಪ್ ನೋಡಿ ಬೆಳೆದ ಬೆಂಗಳೂರಿನವರಿಗೆ ಈ ಹತ್ತಂಕಿಯ ಬಾಷ್ ನಂಬರ್ ಹೊಸದೇನಲ್ಲ.)

ನಂಬರ್ ಸಿಗದೇ ಹೋದರೆ ಮಲ್ಟಿಮೀಟರ್ ಹಿಡೀಬೇಕು. ಆಕಾರ ನಂಬಬೇಡಿ, ಪಿನ್ ಎಣಿಸಿ ಓಮ್ ಅಳೀರಿ. ಚಿಕ್ಕ ಓಮ್ ಅಳೆಯುವಾಗ ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ, ತೋರಿಸಿದ್ದನ್ನು ಕಳೀರಿ. ಅಗ್ಗದ ಮೀಟರಲ್ಲಿ ಅದೇ ಅರ್ಧ ಓಮ್ ಇರುತ್ತೆ. ಎರಡು ಪಿನ್, 2.4 ಓಮ್, ಬಾಲಕ್ಕೆ ತುಂಡು ರಬ್ಬರ್ ಹೋಸ್ ಇದ್ದರೆ ಇಂಜೆಕ್ಟರ್. ಆಕಾರ ಅದೇ ಇದ್ದು 15 ಓಮ್ ಸುತ್ತ ತೋರಿಸಿದರೆ ಬೇರೆ ಕಾಲದ, ಬೇರೆ ಗಾಡಿಯ ಇಂಜೆಕ್ಟರ್. ಎರಡು ಪಿನ್, 20 ಡಿಗ್ರಿಯಲ್ಲಿ ಸುಮಾರು 300 ಓಮ್ ಬಂದರೆ ಗಾಳಿಯ ತಾಪಮಾನದ ಸೆನ್ಸರ್. ಸ್ಕ್ರೂ ಥ್ರೆಡ್ ಇರೋ ಹಿತ್ತಾಳೆ ತುಂಡು, ಒಂದೇ ವೈರ್, ಸುಮಾರು 2,500 ಓಮ್ ಬಂದರೆ ಸಿಲಿಂಡರ್ ಹೆಡ್ಡಿನದು. ಬಿಸಿನೀರಲ್ಲಿ ಅದ್ದಿದರೆ ಓಮ್ ಇಳಿಯುತ್ತಾ ಹೋಗಬೇಕು. ಕರಿ ಪ್ಲಾಸ್ಟಿಕ್ಕಿನ ಚಪ್ಪಟೆ ಥ್ರಾಟಲ್ ಸ್ವಿಚ್ಚನ್ನು ಮೀಟರಿಗೆ ಹಾಕಿ ನಿಧಾನ ತಿರುಗಿಸಿದರೆ ಸಂಪರ್ಕ ಬಂದು ಹೋಗಿ, ಬಂದು ಹೋಗಿ ಮಾಡುತ್ತೆ. ಕಾಲು ಒತ್ತಿದಾಗ ಹೆಚ್ಚು ಪೆಟ್ರೋಲ್ ಕೇಳೋದೇ ಆ ಮಿಡಿತ. ಎರಡು ಹೋಸ್ ಮೂತಿಯ, ಒಳಗೆ ತಿರುಗುವ ಬಿಲ್ಲೆ ಇರೋದನ್ನು ಸ್ವಲ್ಪ ಹೊತ್ತು ಫ್ರೀಜರಲ್ಲಿಟ್ಟು ಮೂತಿಯೊಳಗಿಂದ ನೋಡಿ: ಬೆಳಕು ಕಾಣಬೇಕು. ಬಿಸಿ ಮಾಡಿದರೆ ಮುಚ್ಚಬೇಕು. ಅದು ತಣ್ಣನೆ ಎಂಜಿನ್ನಿಗೆ ಗಾಳಿ ಹೆಚ್ಚಿಸೋ ರೆಗ್ಯುಲೇಟರ್. ಪೆಟ್ರೋಲ್ ಒತ್ತಡದ ರೆಗ್ಯುಲೇಟರಿಗೆ ವೈರೇ ಇರಲ್ಲ, ಲಾಕ್ ನಟ್ ಇರೋ ಸ್ಕ್ರೂ ಇರುತ್ತೆ.

ಪೆಟ್ಟಿಗೆಯಲ್ಲಿ ಬೆಲೆಬಾಳೋದು ಅಂದರೆ ನಾಲ್ಕು ಪಿನ್ನಿನ, ಒಂದು ಹೋಸ್ ಮೂತಿಯ, ಕೈಗೆ ಭಾರವೆನಿಸುವ ಡಬ್ಬಿ: ಒತ್ತಡದ ಸೆನ್ಸರ್. ಒಳಗೆ ಗಾಳಿ ತೆಗೆದ ಲೋಹದ ಬಿಲ್ಲೆಗಳು ಒತ್ತಡಕ್ಕೆ ಹಿಗ್ಗಿ ಕುಗ್ಗಿ ಕಾಯಿಲ್ ನಡುವೆ ಕಬ್ಬಿಣದ ತುಂಡನ್ನು ಸರಿಸುತ್ತವೆ. ಒಂದು ಜೋಡಿ ಪಿನ್ನಿಗೆ ಸುಮಾರು 90 ಓಮ್, ಇನ್ನೊಂದಕ್ಕೆ ಸುಮಾರು 350, ಡಬ್ಬಿಯ ಲೋಹದ ಮೈಗೆ ಯಾವ ಪಿನ್ನಿನಿಂದಲೂ ಸಂಪರ್ಕ ಬರಬಾರದು. ವೈರಿಂಗ್ ನಿಮ್ಮಲ್ಲಿದ್ದರೆ ಕಂಪ್ಯೂಟರ್ ಪ್ಲಗ್ಗಿನ 7, 15, 8, 10ರಿಂದ ಹೊರಟ ತಂತಿಗಳು ಈ ಸೆನ್ಸರಿನ ಸಾಕೆಟ್ಟಿಗೇ ಹೋಗಬೇಕು. ಕೈಪಂಪಲ್ಲಿ 15 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ಎಳೆದು ಹಾಗೇ ಹಿಡಿದಿಡಿ. ಕೆಲವು ನಿಮಿಷ ನಿಲ್ಲದೆ ಮುಳ್ಳು ಸರ್ರನೆ ಇಳಿದರೆ ಒಳಗಡೆ ಡಯಾಫ್ರಮ್ (ತೆಳು ಪೊರೆ) ಸೀಳಿದೆ, ಅದಕ್ಕೆ ದುಡ್ಡು ಕೊಡಬೇಡಿ. ತುದಿಯ ಮುಚ್ಚಳ ಕಿತ್ತು ಒಳಗಿನ ಸ್ಕ್ರೂ ತಿರುಗಿಸಲೇಬೇಡಿ, ಕಾರ್ಖಾನೆಯಲ್ಲಿ ಇಟ್ಟ ಅಳತೆ ಮತ್ತೆ ಕೈಗೆ ಬರಲ್ಲ.

ಒಂದು ಮಾತ್ರ ಮೀಟರ್ ಹೇಳಲ್ಲ. ಟೈಪ್ 3ರ ಸೆನ್ಸರೂ ಪೋರ್ಶೆ 914ರ ಸೆನ್ಸರೂ ಹೊರಗಿನಿಂದ ಅಣ್ಣತಮ್ಮ, ಓಮಲ್ಲೂ ಅದೇ. ಆದರೆ ಒಂದೊಂದೂ ತನ್ನ ಎಂಜಿನ್ನಿಗೆ, ತನ್ನ ಕಂಪ್ಯೂಟರಿಗೆ ಹೊಂದಿಸಿ ಮಾಡಿದ್ದು. ಅದಲುಬದಲು ಮಾಡಿದರೆ ಸ್ಟಾರ್ಟ್ ಆಗಬಹುದು, ಆದರೆ ಒಂದೋ ಹೊಗೆ, ಇಲ್ಲವೋ ಪೆಟ್ರೋಲ್ ಸಾಲದೆ ಹೆಡ್ ಕಾಯೋದು. ಏರ್‌ಕೂಲ್ಡ್ ಎಂಜಿನ್ನಿಗೆ ಎರಡನೆಯದು ದುಬಾರಿ. ಆದ್ದರಿಂದ ನಂಬರ್ ಓದಲಾಗದ ಸೆನ್ಸರ್ ಮತ್ತು ಕಂಪ್ಯೂಟರನ್ನು ನಾನು ಗಾಡಿಗೆ ಹಾಕಲ್ಲ. ಉಳಿದದ್ದರಲ್ಲಿ ಹೆಚ್ಚಿನವನ್ನು ಅಳತೆ ಸರಿ ಬಂದರೆ ಬಳಸಬಹುದು.

ಇಂಜೆಕ್ಟರ್ ಬಳಸುವ ಮುನ್ನ ಆ ಬಾಲದ ಹಳೇ ರಬ್ಬರ್ ಕತ್ತರಿಸಿ ಹೊಸ ಇಂಜೆಕ್ಷನ್ ದರ್ಜೆಯ ಹೋಸ್ ಹಾಕಿ. ಬಗ್ಗಿಸಿದರೆ ಬಿರುಕು ಕಾಣುತ್ತೆ ನೋಡಿ. ಅಲ್ಲಿ ಸುಮಾರು 2 ಬಾರ್ ಒತ್ತಡದಲ್ಲಿ ಪೆಟ್ರೋಲ್ ನಿಂತಿರುತ್ತೆ, ಕೆಳಗಡೆ ಕಾದ ಎಂಜಿನ್.